ಒಂದು ದಾರ, ಎರಡು ಕಲ್ಲು

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಲೋಲಕವನ್ನು ಕಟ್ಟಿ ತೂಗಾಡಿಸುತ್ತಿದ್ದಾನೆಂದು ಭಾವಿಸೋಣ. ಲೋಲಕವೆಂದರೆ ದೊಡ್ಡ ಸಲಕರಣೆಯೇನೂ ಅಲ್ಲ. ಒಂದು ಮೊಳೆ, ಅದರಿಂದ ಇಳಿಬಿಟ್ಟ ಒಂದು ದಾರ, ದಾರದ ಕೊನೆಯಲ್ಲಿ ಒಂದು ಕಲ್ಲು, ಇಷ್ಟೆ. ಕಲ್ಲಿನ ಭಾರ ಹೆಚ್ಚಿದರೆ ಲೋಲಕದ ತೂಗಾಟ ನಿಧಾನವಾಗುವುದೋ ಇಲ್ಲವೋ ಎಂಬುದು ಅವನ ಮುಂದಿರುವ ಪ್ರಶ್ನೆ. ಮೊಳೆಯಿಂದ ಗಂಟಿನವರೆಗೆ ದಾರದ ಉದ್ದವನ್ನು 25 ಸೆಂಟಿಮೀಟರಿಗೆ ಸರಿಯಾಗಿ ಅಳೆದು, ಮೊದಲು ನೆಲ್ಲಿಕಾಯಿ ಗಾತ್ರದ ಒಂದು ಕಲ್ಲನ್ನು ಕಟ್ಟುತ್ತಾನೆ. ಹತ್ತು ತೂಗಾಟಗಳಿಗೆ 10.2 ಸೆಕೆಂಡು ಹಿಡಿಯುತ್ತದೆ. (ಒಂದು ಕೊನೆಯಿಂದ ಹೊರಟ ಕಲ್ಲು ಅದೇ ಕೊನೆಗೆ ಮರಳಿದರೆ ಒಂದು ತೂಗಾಟ.) ಅನಂತರ ಆ ಕಲ್ಲನ್ನು ಬಿಚ್ಚಿ, ದಾರದ ಉದ್ದವನ್ನು 25 ಸೆಂಟಿಮೀಟರಿನಲ್ಲೇ ಇರಿಸಿಕೊಂಡು, ಮುಷ್ಟಿಗಾತ್ರದ ಇನ್ನೊಂದು ಕಲ್ಲನ್ನು ಕಟ್ಟುತ್ತಾನೆ. ಈಗ ಹತ್ತು ತೂಗಾಟಗಳಿಗೆ 11.0 ಸೆಕೆಂಡು. ಎಲ್ಲಿಯಾದರೂ ಎಣಿಕೆ ತಪ್ಪಿತೋ ಎಂದು ಮೂರು ಸಲ ಮಾಡಿ ನೋಡುತ್ತಾನೆ, ಉತ್ತರ ಬದಲಾಗುವುದಿಲ್ಲ. “ಭಾರ ಹೆಚ್ಚಿದರೆ ತೂಗಾಟ ನಿಧಾನವಾಗುತ್ತದೆ” ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.

ಭೌತವಿಜ್ಞಾನವನ್ನು ಓದಿರುವ ವಾಚಕರು ಇಲ್ಲಿ ಮುಗುಳ್ನಗಬಹುದು. ಲೋಲಕದ ಆವರ್ತಕಾಲಕ್ಕೂ ಗುಂಡಿನ ಭಾರಕ್ಕೂ ಸಂಬಂಧವಿಲ್ಲವೆಂಬುದು ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಮಾತು. ಆದರೆ ನಗುವುದಕ್ಕೆ ಮೊದಲು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಈ ಹುಡುಗನು ಸುಳ್ಳು ಬರೆದಿಲ್ಲ, ಎಣಿಕೆಯಲ್ಲಿ ತಪ್ಪಿಲ್ಲ, ದಾರದ ಉದ್ದವನ್ನೂ ಬದಲಾಯಿಸಿಲ್ಲ. ಅವನ ಅಳತೆ ಪ್ರಾಮಾಣಿಕವಾದದ್ದು, ತೀರ್ಮಾನ ಮಾತ್ರ ತಪ್ಪಾದದ್ದು. ಹೀಗಾದಾಗ ಉಪಾಧ್ಯಾಯರು ಏನು ಮಾಡಬೇಕು?

ಒಬ್ಬ ಉಪಾಧ್ಯಾಯರು ಆ ವಾಕ್ಯದ ಮೇಲೆ ಕೆಂಪು ಗೆರೆ ಎಳೆದು, ಪುಸ್ತಕದಲ್ಲಿದ್ದಂತೆ ಬರೆಯೆಂದು ಹೇಳಿಯಾರು. ಹುಡುಗನು ಹಾಗೆಯೇ ಬರೆಯುತ್ತಾನೆ. ಕಣ್ಣಿನಿಂದ ಕಂಡದ್ದಕ್ಕಿಂತ ಅಚ್ಚಿನಲ್ಲಿರುವುದೇ ಹೆಚ್ಚಿನದೆಂಬ ಪಾಠವನ್ನೂ ಜೊತೆಗೆ ಕಲಿಯುತ್ತಾನೆ. ಮಕ್ಕಳು ತಾವಾಗಿಯೇ ಎಲ್ಲವನ್ನೂ ಕಂಡುಕೊಳ್ಳಬೇಕೆಂಬ ಮಾತನ್ನು ಎಲ್ಲಿಯೋ ಕೇಳಿರುವ ಇನ್ನೊಬ್ಬರು, “ಭೇಷ್! ನೀನೇ ಕಂಡುಹಿಡಿದೆಯಲ್ಲ” ಎಂದು ಬೆನ್ನು ತಟ್ಟಿಯಾರು. ಅಲ್ಲಿಗೆ ತಪ್ಪು ತೀರ್ಮಾನ ಭದ್ರವಾಗುತ್ತದೆ. ಮೂರನೆಯವರು ಹತ್ತಿರ ಬಂದು, ಒಂದು ನಿಮಿಷ ಸುಮ್ಮನೆ ನೋಡಿ, “ಉದ್ದವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದೆಯಪ್ಪಾ? ತೂಗುತ್ತಿರುವುದು ದಾರವೋ, ಕಲ್ಲೋ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದ ಮೇಜಿಗೆ ಹೋಗುತ್ತಾರೆ.

ಆ ಪ್ರಶ್ನೆಯಲ್ಲಿಯೇ ಗಂಟು ಬಿಚ್ಚುವ ಉಪಾಯವಿದೆ. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ; ಮೊಳೆಯಿಂದ ಕಲ್ಲಿನ ಗುರುತ್ವಕೇಂದ್ರದವರೆಗಿನ ದೂರ. ಸಣ್ಣ ಕಲ್ಲಿನ ಕೇಂದ್ರ ಗಂಟಿನಿಂದ ಸುಮಾರು 1 ಸೆಂಟಿಮೀಟರು ಕೆಳಗಿದೆ. ದೊಡ್ಡ ಕಲ್ಲಿನದು ಸುಮಾರು 5 ಸೆಂಟಿಮೀಟರು ಕೆಳಗೆ. ಭಾರವನ್ನು ಮಾತ್ರ ಬದಲಾಯಿಸುತ್ತಿದ್ದೇನೆಂದು ಹುಡುಗನು ನಂಬಿದ್ದಾಗ, ಅವನಿಗೆ ತಿಳಿಯದಂತೆ ಉದ್ದವೂ 26ರಿಂದ 30 ಸೆಂಟಿಮೀಟರಿಗೆ ಬದಲಾಗಿಬಿಟ್ಟಿತ್ತು. ದೊಡ್ಡ ಕಲ್ಲನ್ನು ಕಟ್ಟಿದಾಗ ದಾರವನ್ನು 4 ಸೆಂಟಿಮೀಟರು ಗಿಡ್ಡ ಮಾಡಿ ನೋಡಲಿ, ಅದೂ 10.2 ಸೆಕೆಂಡಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಪುಸ್ತಕದ ವಾಕ್ಯವೇ ಕೊನೆಗೆ ಗೆದ್ದಿತು, ನಿಜ. ಆದರೆ ಈಗ ಆ ವಾಕ್ಯವು ಹುಡುಗನಿಗೆ ಬೇರೆಯವರ ಮಾತಾಗಿ ಉಳಿದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡನ್ನು ಹೋಲಿಸುವಾಗ ಮೂರನೆಯದೊಂದು ಸದ್ದಿಲ್ಲದೆ ಬದಲಾಗಿರಬಹುದೆಂಬ ಸಂಶಯ ಅವನಲ್ಲಿ ಹುಟ್ಟಿದೆ. ಔಷಧದಿಂದ ರೋಗ ವಾಸಿಯಾಯಿತೇ, ಹೊಸ ಗೊಬ್ಬರದಿಂದ ಬೆಳೆ ಹೆಚ್ಚಿತೇ ಎಂಬ ಪ್ರಶ್ನೆಗಳೆದುರು ನಿಂತಾಗಲೂ ಅವನಿಗೆ ಬೇಕಾಗುವುದು ಇದೇ ಸಂಶಯ.

ಶೋಧನೆಯ ಮೂಲಕ ಕಲಿಕೆ ಎಂದು ಶಿಕ್ಷಣಶಾಸ್ತ್ರಜ್ಞರು ಕರೆಯುವುದು ಇದನ್ನೇ. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಮನಸಾರೆ ಶಿಫಾರಸು ಮಾಡಿವೆ. ಶಿಫಾರಸಿಗೂ ತರಗತಿಗೂ ನಡುವೆ ಇರುವ ದೂರವೆಷ್ಟೆಂಬುದನ್ನು ವಿದ್ಯಾರ್ಥಿಗಳಾದ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮಕ್ಕಳ ಮುಂದೆ ಇದೇ ಲೋಲಕವನ್ನಿಟ್ಟು ಅವರ ಯೋಚನೆಯ ಜಾಡನ್ನು ಸೂಕ್ಷ್ಮವಾಗಿ ಹಿಂಬಾಲಿಸಿದವರು ಜಿನೀವಾದ ಮನೋವಿಜ್ಞಾನಿಗಳಾದ ಬೇರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ. ಅವರ ಗ್ರಂಥ ಫ್ರೆಂಚ್ ಭಾಷೆಯಲ್ಲಿ 1955ರಲ್ಲಿ ಹೊರಬಂದಿತು. ದಾರದ ಉದ್ದ, ಗುಂಡಿನ ಭಾರ, ಬಿಡುವ ಎತ್ತರ, ತಳ್ಳುವ ಬಲ, ಈ ನಾಲ್ಕರಲ್ಲಿ ಯಾವುದು ತೂಗಾಟದ ವೇಗವನ್ನು ನಿರ್ಧರಿಸುತ್ತದೆಂದು ಕಂಡುಹಿಡಿಯುವುದು ಮಕ್ಕಳ ಕೆಲಸ. ತೀರ ಚಿಕ್ಕವರು ತಾವು ತಳ್ಳಿದ ಬಲವೇ ಎಲ್ಲಕ್ಕೂ ಕಾರಣವೆಂದು ನಂಬಿದರು. ಸ್ವಲ್ಪ ದೊಡ್ಡವರು ದಾರವನ್ನೂ ಭಾರವನ್ನೂ ಏಕಕಾಲದಲ್ಲಿ ಬದಲಾಯಿಸಿ, ಎರಡೂ ಕಾರಣವೆಂದು ತೀರ್ಮಾನಿಸಿದರು. ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಾಯಿಸುವ ಕ್ರಮ ಹದಿಹರೆಯದ ಮಕ್ಕಳಲ್ಲಿ ಕಾಣಿಸಿಕೊಂಡಿತು. ಈ ಶಕ್ತಿ ವಯಸ್ಸಿನೊಂದಿಗೆ ಬರುತ್ತದೆಂದು ಪಿಯಾಜೆ ಎಣಿಸಿದ್ದರು. ಆದರೆ ಮುಂದಿನ ದಶಕಗಳಲ್ಲಿ ಇಂಥ ಪರೀಕ್ಷೆಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದವರಿಗೆ ಅವರಲ್ಲಿಯೂ ಅನೇಕರು ಎಡವುವುದು ಕಂಡುಬಂತು. ಮೀಸೆ ಬಂದ ಮಾತ್ರಕ್ಕೆ ಈ ವಿವೇಕ ಬರುವುದಿಲ್ಲವೆಂದಾಯಿತು. ಅದನ್ನು ಯಾರಾದರೂ ಕಲಿಸಬೇಕು.

ಇಂದು ಈ ಮಾತಿಗೆ ಹೊಸ ತೂಕ ಬಂದಿದೆ. ಕೇಳಿದ ಕ್ಷಣದಲ್ಲಿ ಉತ್ತರ ಬರೆದುಕೊಡುವ ಯಂತ್ರಗಳು ಈಗ ಜೇಬಿನೊಳಕ್ಕೇ ಬಂದಿವೆ. ಲೋಲಕದ ಸೂತ್ರವನ್ನು ಅವು ಕ್ಷಣಾರ್ಧದಲ್ಲಿ ಒಪ್ಪಿಸುತ್ತವೆ. ಆದರೆ ನಿಮ್ಮ ಮೇಜಿನ ಮೇಲೆ 11.0 ಏಕೆ ಬಂತೆಂಬುದನ್ನು ಬಗ್ಗಿ ನೋಡಿ, ಅಳತೆಪಟ್ಟಿ ಹಿಡಿದು ಪತ್ತೆ ಹಚ್ಚಬೇಕಾದವರು ನೀವೇ.

ಮಾಡಿ ಕಲಿಯಬೇಕೆಂಬ ಆಲೋಚನೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಅವರು ವಿದ್ಯಾರ್ಥಿಯನ್ನು ಸಂಶೋಧಕನ ಸ್ಥಾನದಲ್ಲಿ ನಿಲ್ಲಿಸಬೇಕೆಂದು ವಾದಿಸಿದರು. ಅವರು ಪ್ರಚಾರಕ್ಕೆ ತಂದ ‘ಹ್ಯೂರಿಸ್ಟಿಕ್’ ಪದ್ಧತಿಯ ಹೆಸರಿಗೂ ಆರ್ಕಿಮಿಡೀಸನ ‘ಯುರೇಕಾ’ ಎಂಬ ಉದ್ಗಾರಕ್ಕೂ ಮೂಲ ಒಂದೇ ಗ್ರೀಕ್ ಧಾತು. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರು 1896ರಲ್ಲಿ ಷಿಕಾಗೋದಲ್ಲಿ ಮುಂದೆ ಪ್ರಯೋಗಶಾಲೆಯೆಂದೇ ಹೆಸರಾದ ಒಂದು ಶಾಲೆಯನ್ನು ತೆರೆದರು. ಆಲೋಚನೆ ಹುಟ್ಟುವುದು ತೊಡಕಿನಿಂದ ಎಂಬುದು ಅವರ 1910ರ ಗ್ರಂಥದ ಸಾರ. ಅವರ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಬಂಧದಿಂದ ‘ಯೋಜನಾ ಪದ್ಧತಿ’ ಎಂಬ ಹೆಸರು ಲೋಕದಲ್ಲೆಲ್ಲ ಹರಡಿತು. ನಮ್ಮಲ್ಲಿ ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟ ಮೂಲಶಿಕ್ಷಣವೂ ಕೈಕೆಲಸವನ್ನು ಕಲಿಕೆಯ ನಡುವೆ ಇರಿಸಿತ್ತು. ಇವೆಲ್ಲ ಶಿಕ್ಷಣದ ಇತಿಹಾಸದಲ್ಲಿ ವಿಸ್ತಾರವಾಗಿ ದೊರೆಯುವ ಸಂಗತಿಗಳು. ಬಡ ಹಳ್ಳಿಯ ಸಾಧಾರಣ ಶಾಲೆಯಲ್ಲಿ ಇದು ನಡೆದೀತೇ ಎಂಬುದು ಅದಕ್ಕಿಂತ ಕಷ್ಟವಾದ ಪ್ರಶ್ನೆ. ಅದಕ್ಕೆ ಉತ್ತರ ಮಧ್ಯಪ್ರದೇಶದಲ್ಲಿ ದೊರೆಯುತ್ತದೆ.

ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಅದರ ಹೆಸರು ನರ್ಮದಾಪುರಂ) 1972ರಲ್ಲಿ ಹದಿನಾರು ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯತ್ನ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದಕ್ಕೆ ಕೈಹಾಕಿದವು. ದೆಹಲಿ ವಿಶ್ವವಿದ್ಯಾನಿಲಯ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಬಲಕ್ಕೆ ನಿಂತರು. ಆರರಿಂದ ಎಂಟನೆಯ ತರಗತಿಯವರೆಗಿನ ವಿಜ್ಞಾನವನ್ನು ಪೂರ್ತಿಯಾಗಿ ಪ್ರಯೋಗಗಳ ಮೂಲಕವೇ ಕಲಿಸಬೇಕೆಂಬುದು ಅವರ ಸಂಕಲ್ಪ. ನಾಲ್ಕು ನಾಲ್ಕು ಮಕ್ಕಳ ತಂಡಗಳು ನೆಲದ ಮೇಲೆ ಸುತ್ತುಗೂಡಿ ಕುಳಿತು ಪ್ರಯೋಗ ಮಾಡುತ್ತಿದ್ದವು. ‘ಬಾಲ ವೈಜ್ಞಾನಿಕ’ ಎಂಬ ಅವರ ಪುಸ್ತಕದಲ್ಲಿ ಉರುಹೊಡೆಯಲು ಸಿದ್ಧವಾದ ಉತ್ತರಗಳಿರಲಿಲ್ಲ; ಏನು ಮಾಡಬೇಕು, ಏನನ್ನು ಗಮನಿಸಬೇಕು ಎಂಬ ಸೂಚನೆಗಳೂ ಪ್ರಶ್ನೆಗಳೂ ಇದ್ದವು. ಒಂದೇ ವಸ್ತುವನ್ನು ಹಲವರು ಅಳೆದರೆ ಏಕೆ ಹಲವು ಉತ್ತರಗಳು ಬರುತ್ತವೆಂಬುದೇ ಅಲ್ಲಿ ಒಂದು ಪಾಠ. ನಾಣ್ಯಗಳನ್ನೂ ದಾಳಗಳನ್ನೂ ಮತ್ತೆ ಮತ್ತೆ ಎಸೆದು ಸಂಭಾವ್ಯತೆಯನ್ನು ಅರಿಯುವುದು ಇನ್ನೊಂದು ಪಾಠ. ನಮ್ಮ ಅನೇಕ ಪದವೀಧರರಿಗೆ ಈ ಎರಡು ಪಾಠಗಳು ಇಂದಿಗೂ ಬಾಕಿ ಇವೆಯೆಂದರೆ ತಪ್ಪಾಗಲಾರದು.

ಸಲಕರಣೆಗಳಿಗೆ ಹಣವಿರಲಿಲ್ಲ. ಈ ಕೊರತೆಯೇ ಒಂದು ವರವಾಯಿತು. ಪುಣೆಯ ಕಾರ್ಖಾನೆಯಿಂದ ರಜೆ ಪಡೆದು 1978ರಲ್ಲಿ ಅಲ್ಲಿಗೆ ಬಂದ ಇಂಜಿನಿಯರ್ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಜೋಡಿಸಿ ಘನ, ಚತುರ್ಮುಖಿ ಮೊದಲಾದ ಆಕೃತಿಗಳನ್ನು ಕಟ್ಟಿ ತೋರಿಸಿದರು. ಸಂತೆಯಲ್ಲಿ ಸಿಗುವ ಸಾಮಗ್ರಿಯಿಂದಲೇ ಜ್ಯಾಮಿತಿ ಮೈತಳೆಯಿತು.

ಪರೀಕ್ಷೆಯನ್ನೂ ಅವರು ಬದಲಾಯಿಸಿದರು. ನನ್ನ ದೃಷ್ಟಿಯಲ್ಲಿ ಈ ಪ್ರಯತ್ನದ ಹೃದಯವೇ ಅದು. ಲಿಖಿತ ಪರೀಕ್ಷೆಗೆ ಮಕ್ಕಳು ಪುಸ್ತಕವನ್ನೂ ತಾವು ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೂ ತರಬಹುದಾಗಿತ್ತು. ಅದರ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಪುಸ್ತಕ ತೆರೆದಿದ್ದರೂ ಉತ್ತರಿಸಲು ಯೋಚಿಸಲೇಬೇಕಾದ ಪ್ರಶ್ನೆಗಳನ್ನು ರಚಿಸುವುದು ಸುಲಭವಲ್ಲ. ಆದರೆ ವರ್ಷವಿಡೀ ಪ್ರಯೋಗ ಮಾಡಿಸಿ, ಕೊನೆಯಲ್ಲಿ “ಲೋಲಕ ಎಂದರೇನು? ವ್ಯಾಖ್ಯೆ ಬರೆಯಿರಿ” ಎಂದು ಕೇಳಿದರೆ, ಮರುವರ್ಷದ ಮಕ್ಕಳು ಪ್ರಯೋಗವನ್ನು ಬಿಟ್ಟು ವ್ಯಾಖ್ಯೆಯನ್ನೇ ಹಿಡಿಯುತ್ತಾರೆ. ಅದು ಅವರ ಜಾಣತನವೇ ಹೊರತು ಸೋಮಾರಿತನವಲ್ಲ.

ಅಲ್ಲಿನ ಮಕ್ಕಳಿಗೆ ‘ಸವಾಲೀರಾಮ್’ ಎಂಬ ಒಬ್ಬ ಕಾಲ್ಪನಿಕ ಮಿತ್ರನಿದ್ದನು. ಮನಸ್ಸಿಗೆ ತೋಚಿದ ಯಾವ ಪ್ರಶ್ನೆಯನ್ನಾದರೂ ಅವನಿಗೆ ಕಾಗದದಲ್ಲಿ ಬರೆದು ಕಳುಹಿಸಬಹುದಾಗಿತ್ತು. ಕಾರ್ಯಕ್ರಮದವರು ಅವನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದರು. ಪ್ರಶ್ನೆ ಕೇಳಿದರೆ ಗದರಿಸದ ಒಬ್ಬನು ಎಲ್ಲಿಯೋ ಇದ್ದಾನೆಂಬ ಭರವಸೆ ಹಳ್ಳಿಯ ಹುಡುಗಿಯೊಬ್ಬಳಿಗೆ ಎಷ್ಟು ದೊಡ್ಡದೆಂಬುದನ್ನು ಊಹಿಸಿಕೊಳ್ಳಬಹುದು.

ಈ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹರಡಿತು. 1982ರಲ್ಲಿ ಇದಕ್ಕೆಂದೇ ಏಕಲವ್ಯ ಎಂಬ ಸಂಸ್ಥೆ ಸ್ಥಾಪಿತವಾಯಿತು. ಬರಬರುತ್ತ ಹಲವು ಜಿಲ್ಲೆಗಳ ಸುಮಾರು ಒಂದು ಸಾವಿರ ಶಾಲೆಗಳನ್ನು ಮುಟ್ಟಿದ ಮೇಲೆ, 2002ರಲ್ಲಿ ರಾಜ್ಯ ಸರ್ಕಾರವು ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ ಒಂದು ಆದೇಶದಿಂದ ನಿಂತುಹೋದುದು ದುಃಖದ ಸಂಗತಿ. ಆದರೂ ಸಾಮಾನ್ಯ ಸರ್ಕಾರಿ ಶಾಲೆಯ ಸಾಮಾನ್ಯ ಉಪಾಧ್ಯಾಯರು ಇದನ್ನು ನಡೆಸಬಲ್ಲರೆಂಬುದನ್ನು ಆ ಮೂವತ್ತು ವರ್ಷಗಳು ತೋರಿಸಿಕೊಟ್ಟಿವೆ.

ಇಷ್ಟು ಹೊಗಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ಅದು ಹಗುರವಾದ ವಾದವಲ್ಲ. ಡೇವಿಡ್ ಕ್ಲಾರ್ ಮತ್ತು ಮಿಲೇನಾ ನಿಗಮ್ ಎಂಬ ಅಮೆರಿಕದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮೂರು ಮತ್ತು ನಾಲ್ಕನೆಯ ತರಗತಿಯ ನೂರಕ್ಕೂ ಹೆಚ್ಚು ಮಕ್ಕಳಿಗೆ ಇಳಿಜಾರು ಹಲಗೆಗಳನ್ನೂ ಚೆಂಡುಗಳನ್ನೂ ಕೊಟ್ಟರು. ಹಲಗೆಯ ಕಡಿದು, ಅದರ ಮೇಲ್ಮೈಯ ನಯ ಅಥವಾ ಒರಟು, ಚೆಂಡು ಉರುಳುವ ದೂರ, ಚೆಂಡಿನ ಬಗೆ, ಇವುಗಳಲ್ಲಿ ಯಾವುದರಿಂದ ಚೆಂಡು ಹೆಚ್ಚು ದೂರ ಹೋಗುತ್ತದೆಂದು ಪರೀಕ್ಷಿಸಬೇಕಾಗಿತ್ತು. ನಮ್ಮ ಲೋಲಕದ ಸಮಸ್ಯೆಯೇ ಬೇರೆ ವೇಷದಲ್ಲಿ ಬಂದಿದೆಯೆನ್ನಿ. ಒಂದು ಗುಂಪಿನ ಮಕ್ಕಳನ್ನು ತಾವೇ ಪ್ರಯೋಗ ಮಾಡಿಕೊಳ್ಳಲು ಬಿಟ್ಟರು. ಇನ್ನೊಂದು ಗುಂಪಿಗೆ ಯಾವ ಹೋಲಿಕೆ ನ್ಯಾಯವಾದದ್ದು, ಯಾವುದು ಅಲ್ಲ, ಏಕೆ ಎಂಬುದನ್ನು ಉದಾಹರಣೆಗಳ ಮೂಲಕ ಬಿಡಿಸಿ ಹೇಳಿದರು. ಒಂದನ್ನೇ ಬದಲಾಯಿಸುವ ತಂತ್ರವನ್ನು ಕರಗತ ಮಾಡಿಕೊಂಡವರು ಮೊದಲ ಗುಂಪಿನಲ್ಲಿ ಶೇಕಡಾ 23, ಎರಡನೆಯ ಗುಂಪಿನಲ್ಲಿ ಶೇಕಡಾ 77. ಮುಂದೆ, ಬೇರೆ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆಂದು ಮಾಡಿದ ಭಿತ್ತಿಚಿತ್ರಗಳನ್ನು ಕೊಟ್ಟು ಅವುಗಳಲ್ಲಿನ ದೋಷಗಳನ್ನು ಗುರುತಿಸಲು ಹೇಳಿದಾಗ, ತಂತ್ರವನ್ನು ಹೇಳಿಸಿಕೊಂಡು ಕಲಿತವರೂ ತಾವೇ ಕಂಡುಕೊಂಡವರೂ ಸಮಸಮನಾಗಿ ನಿಂತರು. ತಾನೇ ಕಂಡುಕೊಂಡದ್ದು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆಂಬ ಜನಪ್ರಿಯ ನಂಬಿಕೆಗೆ ಇದು ಪೆಟ್ಟು. ಎರಡು ವರ್ಷಗಳ ಅನಂತರ ಬೇರೆ ಮೂವರು ಸಂಶೋಧಕರು, ಮಾರ್ಗದರ್ಶನವಿಲ್ಲದ ಕಲಿಕೆ ಹೊಸಬರ ಸೀಮಿತವಾದ ನೆನಪಿನ ಮೇಲೆ ಹೊರಲಾರದ ಹೊರೆಯನ್ನು ಹೇರುತ್ತದೆಂದು ಕಟುವಾಗಿ ಬರೆದರು.

ಹಾಗಾದರೆ ಪ್ರಯೋಗವನ್ನು ಬಿಟ್ಟು ಮತ್ತೆ ಉಪನ್ಯಾಸಕ್ಕೆ ಮರಳಬೇಕೇ? ನನಗೆ ಹಾಗೆ ತೋರುವುದಿಲ್ಲ. ಆ ಅಧ್ಯಯನದಲ್ಲಿ ಸೋತದ್ದು ಶೋಧನೆಯಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟ ಶೋಧನೆ. ಎರಡನೆಯ ಗುಂಪಿನವರೂ ಕೊನೆಗೆ ತಮ್ಮ ಪ್ರಯೋಗಗಳನ್ನು ತಾವೇ ಯೋಜಿಸಿ ಮಾಡಿದರೆಂಬುದನ್ನು ಮರೆಯಬಾರದು. ಈಜು ಕಲಿಸುವವನು ಹುಡುಗನನ್ನು ಬಾವಿಗೆ ದಬ್ಬಿ ಮನೆಗೆ ಹೋಗುವುದಿಲ್ಲ. ದಡದಲ್ಲಿ ನಿಂತು ಉಪನ್ಯಾಸವನ್ನೂ ಕೊಡುವುದಿಲ್ಲ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ತಾನೂ ನೀರಿಗಿಳಿಯುತ್ತಾನೆ. ನಮ್ಮ ಮೂರನೆಯ ಉಪಾಧ್ಯಾಯರ “ಎಲ್ಲಿಂದ ಎಲ್ಲಿಯವರೆಗೆ ಅಳೆದೆ?” ಎಂಬ ಪ್ರಶ್ನೆ ಅಂಥ ಸೋರೆಬುರುಡೆ. ಆ ಪ್ರಶ್ನೆಯನ್ನು ಕೇಳಬೇಕಾದರೆ ಅವರಿಗೆ ಗುರುತ್ವಕೇಂದ್ರದ ವಿಷಯ ಚೆನ್ನಾಗಿ ತಿಳಿದಿರಬೇಕು. ಹುಡುಗನು ಎಡವಿದ್ದು ಎಲ್ಲೆಂಬುದೂ ತಿಳಿದಿರಬೇಕು. ಶೋಧನೆಯ ಪದ್ಧತಿಯಲ್ಲಿ ಉಪಾಧ್ಯಾಯರಿಗೆ ಕೆಲಸ ಕಡಿಮೆಯೆಂದು ಭಾವಿಸುವವರು ಒಂದು ದಿನ ಅದನ್ನು ಮಾಡಿ ನೋಡಬೇಕು.

ಯೋಜನೆ, ಅಂದರೆ ಈಗ ಎಲ್ಲರ ಬಾಯಲ್ಲಿರುವ ‘ಪ್ರಾಜೆಕ್ಟ್’, ಇದಕ್ಕಿಂತ ದೀರ್ಘವಾದ ಕೆಲಸ. ಅದಕ್ಕೆ ವಾರಗಳೇ ಹಿಡಿಯುತ್ತವೆ. ಹಲವರ ಕೈ ಸೇರುತ್ತದೆ. ಕೊನೆಯಲ್ಲಿ ಒಂದು ಕಾರ್ಯವೋ ಒಂದು ವಸ್ತುವೋ ಒಂದು ವರದಿಯೋ ಹೊರಬರಬೇಕು. ಆದರೆ ನಮ್ಮ ಶಾಲಾ ಪ್ರದರ್ಶನಗಳಲ್ಲಿ ಕಾಣುವುದು ಬಹುಮಟ್ಟಿಗೆ ಬೇರೆಯೇ. ಥರ್ಮೊಕೋಲಿನ ಬೆಟ್ಟ, ಅದರ ನೆತ್ತಿಯಲ್ಲಿ ಅಡುಗೆ ಸೋಡಾ ಮತ್ತು ವಿನಿಗರ್. ಕೆಂಪು ನೊರೆ ಉಕ್ಕುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಜ್ವಾಲಾಮುಖಿಯೊಳಗೆ ಸೋಡಾ ಇಲ್ಲ, ವಿನಿಗರೂ ಇಲ್ಲ. ಆ ಬೆಟ್ಟವನ್ನು ಕಟ್ಟಿದವರು ಹಿಂದಿನ ರಾತ್ರಿ ಎಚ್ಚರವಿದ್ದ ತಂದೆತಾಯಿಗಳು ಎಂಬುದನ್ನೂ ನಾವೆಲ್ಲ ಬಲ್ಲೆವು. ಅಲ್ಲಿ ಅಂಟು, ಬಣ್ಣ, ಶ್ರಮ ಎಲ್ಲವೂ ಇದೆ, ಪ್ರಶ್ನೆಯೊಂದಿಲ್ಲ.

ಅದರ ಬದಲು ಶಾಲೆಯ ಅಂಗಳದಲ್ಲಿ ತೊಟ್ಟಿಕ್ಕುವ ಒಂದು ನಲ್ಲಿಯನ್ನು ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ನೀರು ಸೋರಿಹೋಗುತ್ತದೆ? ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿಯೆಂದು ಪುಸ್ತಕದಲ್ಲಿ ಓದಿದವನು 4.3 ಲೀಟರು ಎಂದು ಲೆಕ್ಕ ಒಪ್ಪಿಸುತ್ತಾನೆ. ಆದರೆ ಆ ಇಪ್ಪತ್ತು ಹನಿಯ ಲೆಕ್ಕ ಔಷಧದ ಸಣ್ಣ ಬಾಯಿಯ ಹನಿಕೊಳವೆಯದು. ನಲ್ಲಿಯ ಬಾಯಿ ಅಗಲ, ಹನಿಯೂ ದೊಡ್ಡದು. ಒಂದು ಲೋಟವನ್ನಿಟ್ಟು ನೂರು ಹನಿಗಳನ್ನು ಕೂಡಿಸಿ ಅಳೆದರೆ, ಒಂದೊಂದು ಹನಿಯೂ ಕಾಲು ಮಿಲಿಲೀಟರಿನ ಹತ್ತಿರಕ್ಕೆ ಬಂದೀತು. ಹಾಗಿದ್ದಲ್ಲಿ ನಷ್ಟ 4.3 ಲೀಟರಲ್ಲ, 21 ಲೀಟರಿಗೂ ಹೆಚ್ಚು. ಎರಡು ಉತ್ತರಗಳ ನಡುವೆ ಐದು ಪಟ್ಟು ಅಂತರ! ಇಲ್ಲಿಂದ ಪ್ರಶ್ನೆಗಳು ಕವಲೊಡೆಯುತ್ತವೆ. ರಾತ್ರಿ ಹನಿಗಳ ವೇಗ ಹೆಚ್ಚುತ್ತದೆಯೇ? ಊರಿನಲ್ಲಿ ಇಂಥ ನಲ್ಲಿಗಳು ಎಷ್ಟಿವೆ? ಒಂದು ವಾಷರಿನ ಬೆಲೆಯೆಷ್ಟು, ಅದನ್ನು ಹಾಕಬೇಕಾದವರು ಯಾರು? ಎಣಿಸಿ, ಅಳೆದು, ನಕ್ಷೆ ಬರೆದು, ಗ್ರಾಮ ಪಂಚಾಯತಿಗೆ ಒಂದು ಮನವಿ ಕೊಡುವಲ್ಲಿಗೆ ಯೋಜನೆ ಮುಗಿಯುತ್ತದೆ. ಕೈಗೆ ಸ್ಪ್ಯಾನರು ಸಿಕ್ಕರೆ ವಾಷರು ಹಾಕುವಲ್ಲಿಗೂ ಮುಗಿಯಬಹುದು.

1993ರಿಂದ ದೇಶದಾದ್ಯಂತ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವೂ ಇಂಥದೇ. ಹತ್ತರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ಸಣ್ಣ ತಂಡವಾಗಿ, ಒಬ್ಬ ಮಾರ್ಗದರ್ಶಕರ ನೆರವಿನಿಂದ ತಮ್ಮ ಊರಿನ ಒಂದು ಸಮಸ್ಯೆಯನ್ನು ಹಿಡಿದು ಪರಿಶೀಲಿಸಬೇಕು. ನಮ್ಮ ರಾಜ್ಯದಲ್ಲಿ ಅದರ ಹೊಣೆ ಹೊತ್ತು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ನಿಮ್ಮಲ್ಲಿ ಕೆಲವರು ಅದರಲ್ಲಿ ಭಾಗವಹಿಸಿರಲೂಬಹುದು.

ಇನ್ನು ನಮ್ಮ ದಾರಕ್ಕೂ ಕಲ್ಲಿಗೂ ಮರಳೋಣ. ಅಲ್ಲಿ ಒಂದು ಬಾಕಿ ಉಳಿದಿದೆ. ಉದ್ದವನ್ನು 25ರಿಂದ 100 ಸೆಂಟಿಮೀಟರಿಗೆ, ಅಂದರೆ ನಾಲ್ಕು ಪಟ್ಟು ಹೆಚ್ಚಿಸಿದರೆ, ಹತ್ತು ತೂಗಾಟಗಳ ಕಾಲ 10ರಿಂದ 20 ಸೆಕೆಂಡಿಗೆ, ಅಂದರೆ ಎರಡು ಪಟ್ಟು ಮಾತ್ರ ಹೆಚ್ಚುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು. ಈ ಸಲ ಕಲ್ಲಿನ ಕೇಂದ್ರದವರೆಗೆ ಅಳೆಯಲು ಮರೆಯಬೇಡಿ. ಬಿಡುವ ಎತ್ತರದ ವಿಷಯವೇನು? ದೊಡ್ಡ ತೂಗಾಟಕ್ಕೂ ಚಿಕ್ಕ ತೂಗಾಟಕ್ಕೂ ಒಂದೇ ಕಾಲ ಹಿಡಿಯುತ್ತದೆಂದು ಗೆಲಿಲಿಯೋ ನಂಬಿದ್ದನು. ಶಾಲೆಯ ಪುಸ್ತಕಗಳೂ ಸಾಮಾನ್ಯವಾಗಿ ಹಾಗೆಯೇ ಹೇಳುತ್ತವೆ. ಲಂಬರೇಖೆಯಿಂದ 10 ಡಿಗ್ರಿ ಎಳೆದು ಬಿಟ್ಟರೆ ವ್ಯತ್ಯಾಸ ಶೇಕಡಾ 0.2ರಷ್ಟು ಮಾತ್ರ, ನಿಮ್ಮ ಬೆರಳಿನ ತಡವರಿಕೆಯಲ್ಲಿಯೇ ಅದು ಮುಳುಗಿಹೋಗುತ್ತದೆ. ಆದರೆ 60 ಡಿಗ್ರಿ ಎಳೆದು ಬಿಟ್ಟರೆ ಆವರ್ತಕಾಲ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಈ ದೋಷವನ್ನು ಗಣಿತದಿಂದ ವಿವರಿಸಿ, ಅದನ್ನು ನೀಗಿಸುವ ಗಡಿಯಾರದ ಬಗೆಯನ್ನು 1673ರ ತನ್ನ ಗ್ರಂಥದಲ್ಲಿ ತಿಳಿಸಿದವನು ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್.

ಒಂದು ಮೀಟರ್ ಉದ್ದದ ಲೋಲಕವನ್ನು ಕಟ್ಟಿ, ಒಮ್ಮೆ 10 ಡಿಗ್ರಿಯಿಂದಲೂ ಒಮ್ಮೆ 60 ಡಿಗ್ರಿಯಿಂದಲೂ ಬಿಟ್ಟು, ಹತ್ತು ಹತ್ತು ತೂಗಾಟಗಳ ಕಾಲವನ್ನು ಅಳೆಯಿರಿ. ಅಂತರವು ಶೇಕಡಾ 7ಕ್ಕಿಂತ ಕಡಿಮೆಯಾಗಿ ಕಂಡೀತು. ಏಕಿರಬಹುದೆಂದು ಯೋಚಿಸುವಾಗ, ಹತ್ತನೆಯ ತೂಗಾಟದ ವೇಳೆಗೆ ಕಲ್ಲು ಎಷ್ಟು ಎತ್ತರಕ್ಕೆ ಏರುತ್ತಿದೆಯೆಂಬುದನ್ನು ಒಮ್ಮೆ ನೋಡಿ.